ಮೂವತ್ತೆಂಟು ಹಸುಗಳ ಎದುರು ಒಂದು ಬಿಲ್ಲು

ಮಾರ್ಲಿಸಳ ಅಂಗಿಗಳ ಪೈಕಿ ಎರಡಕ್ಕೆ ಹಿಂಭಾಗದ ಚುಂಗು ಇರಲಿಲ್ಲ. ಒಂದು ಕೆಂಪು ಚೌಕಳಿಯದು. ಇನ್ನೊಂದು ಗಂಡ ರೋಲಿಯ ಕಪಾಟಿನಿಂದ ಹೇಳದೆ ಕೇಳದೆ ಎತ್ತಿಕೊಂಡು ಹೋಗಿದ್ದ ಹಸಿರಿನದು. ಕತ್ತರಿಸಿದ ಆ ಎರಡು ತುಂಡುಗಳೂ ಈಗ ಅವಳ ಅಣ್ಣ ಲೈಲ್‌ನ ಬೇಟೆ ಕ್ಯಾಂಪಿನಲ್ಲಿ, ಒಲೆಯ ಮಗ್ಗುಲ ಗೋಡೆಗೆ ಮೊಳೆ ಹೊಡೆಸಿಕೊಂಡು ನೇತಾಡುತ್ತಿದ್ದವು. ಜಿಂಕೆಗೆ ಬಾಣ ಬಿಟ್ಟು ಗುರಿ ತಪ್ಪಿದವರ ಅಂಗಿಯ ಚುಂಗು ಕತ್ತರಿಸಿ, ಹೆಸರು ಬರೆದು ಗೋಡೆಗೆ ಬಡಿಯುವುದು ವಿಸ್ಕಾನ್ಸಿನ್‌ನ ಆ ಉತ್ತರದ ಕಾಡಿನಲ್ಲಿ ಎಲ್ಲ ಕ್ಯಾಂಪುಗಳಲ್ಲೂ ನಡೆದುಬಂದ ಪದ್ಧತಿ. ಮಾರ್ಲಿಸಳ ತವರು, ಹಲ್ವರ್ಸನ್ ಮನೆತನದವರು ಮಾತ್ರ ಇದಕ್ಕೆ ತಮ್ಮದೊಂದು ಕಟ್ಟಳೆ ಸೇರಿಸಿಕೊಂಡಿದ್ದರು. ಮೂರು ವರ್ಷ ಸಾಲಾಗಿ ಚುಂಗು ಕೊಟ್ಟವರು ಮರದ ಮೇಲಿನ ಅಟ್ಟಣೆ ಬಿಟ್ಟುಕೊಡಬೇಕು. ಮುಂದಿನ ವರ್ಷದಿಂದ ಕ್ಯಾಂಪಿನ ಎಂಟೂ ದಿನ ಅಡುಗೆ ಅವರದು, ಪಾತ್ರೆ ಅವರದು.

ಬೇರೆ ಯಾರಿಗಾದರೂ ಇದು ತಮಾಷೆಯ ಶಿಕ್ಷೆ. ಮಾರ್ಲಿಸಳಿಗೆ ಅಲ್ಲ. ಅವಳು ಹತ್ತೊಂಬತ್ತು ವರ್ಷದಿಂದ ಊರಿನ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರ ನಲವತ್ತು ಮಕ್ಕಳಿಗೆ ಬಡಿಸುವವಳು. ಅಲ್ಲಿಂದ ಮನೆಗೆ ಬಂದರೆ ಮೂರು ಮಕ್ಕಳು, ಒಬ್ಬ ರೋಲಿ. ವರ್ಷದಲ್ಲಿ ಮುನ್ನೂರ ಐವತ್ತೇಳು ದಿನ ಸೌಟು ಹಿಡಿದವಳಿಗೆ ಉಳಿಯುತ್ತಿದ್ದದ್ದು ಅಕ್ಟೋಬರಿನ ಆ ಎಂಟು ದಿನ. ಹದಿನೈದು ಅಡಿ ಎತ್ತರದಲ್ಲಿ, ಓಕ್ ಮರದ ಕವಲಿನಲ್ಲಿ ಕೂತರೆ ಯಾರೂ ಬಂದು "ಅಮ್ಮಾ, ಊಟಕ್ಕೇನು?" ಅನ್ನುತ್ತಿರಲಿಲ್ಲ. ಕಾಲುಚೀಲದ ಜೊತೆಯ ಇನ್ನೊಂದು ಎಲ್ಲಿ ಅಂತ ಜಿಂಕೆಗಳು ಕೇಳುವುದಿಲ್ಲ.

ಎರಡು ಚುಂಗು ಹೋಗಿದ್ದವು. ಇದು ಮೂರನೆಯ ವರ್ಷ.

ಸೆಪ್ಟೆಂಬರ್ ಬಂದದ್ದೇ ಲೈಲ್ ಫೋನ್ ಮಾಡಿದ. ಅವನು ಹಾಲಿನ ಟ್ಯಾಂಕರ್ ಓಡಿಸುವವನು. ಮಾತು ಯಾವಾಗಲೂ ಎಂಜಿನ್ನಿನ ಶಬ್ದವನ್ನು ಮೀರಿಸುವಷ್ಟು ಜೋರು.

"ಏನೇ ಮಾರ್ಲಿಸ್, ಈ ಸಲ ಯಾವ ಬಣ್ಣದ ಅಂಗಿ ಹಾಕ್ಕೊಂಡು ಬರ್ತೀಯ? ಗೋಡೆಗೆ ಹಳದಿ ಒಂದು ಕಡಿಮೆ ಇದೆ ನೋಡು."

"ನಿನ್ನ ಹಲ್ಲೇ ಕಿತ್ತು ಬಡಿದುಕೋ, ಹಳದಿ ಸರಿಯಾಗಿ ಹೊಂದುತ್ತೆ."

"ಬೈಯಿ, ಬೈಯಿ. ಮುಂದಿನ ವರ್ಷ ಇದೇ ಬಾಯಲ್ಲಿ ‘ಸಾರು ಇನ್ನೊಂದು ಚೂರು ಹಾಕ್ಲಾ ಲೈಲ್’ ಅಂತೀಯ."

ತಪ್ಪು ಕಣ್ಣಿನದಲ್ಲ, ಕೈಯದೂ ಅಲ್ಲ, ಬಿಲ್ಲಿನದು ಅಂತ ಅವಳಿಗೆ ಗೊತ್ತಿತ್ತು. ಎರಡು ತುದಿಗೂ ಚಕ್ರವಿರುವ ಕಾಂಪೌಂಡ್ ಬಿಲ್ಲು ಅದು. ಎಳೆಯುವಾಗ ಮೊದಲು ಹೆಣಭಾರ, ಚಕ್ರ ಹೊರಳಿದ ಮೇಲೆ ಹಗುರ. ಅಲ್ಲಿಯವರೆಗೆ ಎಲ್ಲ ಸರಿ. ಬೆರಳು ಬಿಟ್ಟ ಗಳಿಗೆಗೆ ಮಾತ್ರ ತಗಡಿನ ಡಬ್ಬಿಗಳ ಕಪಾಟೊಂದು ಮೆಟ್ಟಿಲ ಮೇಲಿಂದ ಉರುಳಿದ ಹಾಗೆ "ಟ್ವಾಂಯ್‌ಂಯ್ ಗಡಗಡ" ಎನ್ನುವುದು. ಬಾಣ ಎಷ್ಟೇ ವೇಗವಾಗಿ ಹೋದರೂ ಶಬ್ದ ಅದಕ್ಕಿಂತ ಮೊದಲು ಹೋಗಿ ಮುಟ್ಟುತ್ತದೆ. ಜಿಂಕೆ ಅದನ್ನು ಕೇಳಿ, ಓಡುವುದಕ್ಕೆಂದು ಕಾಲು ಮಡಿಸಿ ಗೇಣುದ್ದ ಕುಗ್ಗುತ್ತದೆ. ಅಷ್ಟರಲ್ಲಿ ಬಂದ ಬಾಣ ಅದರ ಬೆನ್ನ ಮೇಲಿನಿಂದ ಹಾಯುತ್ತದೆ. ಎರಡು ವರ್ಷವೂ ಆದದ್ದು ಅಷ್ಟೇ.

"ಹೊಸ ಬಿಲ್ಲು ತಗೋ" ಎಂದರು ಎಲ್ಲರೂ. ಮಾರ್ಲಿಸ್ ಮಾತ್ರ ಇಪ್ಪತ್ತು ವರ್ಷ ಹಳೆಯ ಹಿಟ್ಟು ಕಲೆಸುವ ಯಂತ್ರವನ್ನು ದಾರ, ಅಂಟು, ಬೈಗುಳಗಳ ಬಲದಿಂದ ನಡೆಸಿಕೊಂಡು ಬಂದವಳು. ಒಂದು ಬಿಲ್ಲಿನ ಬಾಯಿ ಮುಚ್ಚಿಸುವುದು ಯಾವ ಮಹಾ ಕೆಲಸ?

ಮೊದಲ ಪರೀಕ್ಷೆ ಮನೆಯ ನೆಲಮಾಳಿಗೆಯಲ್ಲಿ ನಡೆಯಿತು. ಬಿಲ್ಲಿನಲ್ಲಿ ಕೈಗೆ ಸಿಕ್ಕ ತಿರುಪುಗಳನ್ನೆಲ್ಲ ಬಿಗಿದಳು. ಹೆದೆಗೆ ಮೇಣ ಹಚ್ಚಿ, ಬೆರಳು ಬಿಸಿಯಾಗುವವರೆಗೆ ತಿಕ್ಕಿದಳು. ರೋಲಿಯನ್ನು ಗೋಡೆಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂರಿಸಿ, "ಶಬ್ದ ಕೇಳಿದಾಗ ಕೈ ಎತ್ತು" ಎಂದಳು. ಹಳೆ ಹಾಸಿಗೆಗೆ ಆರು ಬಾಣ ಬಿಟ್ಟಳು. ರೋಲಿಯ ಕೈ ಒಂದು ಸಲವೂ ಏಳಲಿಲ್ಲ. ಮಾರ್ಲಿಸಳಿಗೆ ಕುಣಿಯುವಂತಾಯಿತು.

ಅಷ್ಟರಲ್ಲಿ ಎರಡು ಅಂತಸ್ತಿನ ಮೇಲಿಂದ ಕಿರಿಮಗಳು ಕೂಗಿದಳು: "ಅಮ್ಮಾ! ಕೆಳಗೆ ಪಿಯಾನೋ ಒಡೀತಿದ್ದೀರಾ?"

"ರೋಲಿ, ನಿನಗೆ ಕೇಳಿಸ್ಲಿಲ್ವಾ?"

"ಆಂ? ಶುರು ಮಾಡಿದ್ಯಾ?" ಎಂದ ರೋಲಿ. ಇಪ್ಪತ್ನಾಲ್ಕು ವರ್ಷ ಕಾಗದದ ಕಾರ್ಖಾನೆಯಲ್ಲಿ ದುಡಿದ ಕಿವಿಗಳು ಅವು. ಅವನನ್ನು ನಂಬಿದ್ದು ತನ್ನ ತಪ್ಪು.

ಆಗ ನೆನಪಾದದ್ದು ಎಲ್ವಿನ್‌ನ ಹಸುಗಳು. ಎಲ್ವಿನ್ ಪಕ್ಕದ ಜಮೀನಿನವನು. ಎಪ್ಪತ್ತು ದಾಟಿದ ಬ್ರಹ್ಮಚಾರಿ, ಮನುಷ್ಯರಿಗಿಂತ ಹಸುಗಳ ಜೊತೆ ಹೆಚ್ಚು ಮಾತಾಡಿದವನು. ಅವನ ಮೂವತ್ತೆಂಟು ಹಸುಗಳು ಮೇಯುವ ಬೇಲಿಯ ಆಚೆ ಮಾರ್ಲಿಸ್ ಹುಲ್ಲಿನ ಪೆಂಡಿಯೊಂದನ್ನು ನಿಲ್ಲಿಸಿದಳು. ಬಾಣ ಬಿಟ್ಟಾಗ ಎಷ್ಟು ಹಸು ತಲೆ ಎತ್ತುತ್ತವೆ ಅಂತ ಎಣಿಸುವುದು ಎಲ್ವಿನ್‌ನ ಕೆಲಸ.

"ನನ್ನ ಹಸುಗಳು ಮುಖ ನೋಡಿ ಮಾತಾಡೋವಲ್ಲ" ಎಂದ ಎಲ್ವಿನ್, ಸೀಮೆಸುಣ್ಣ ಹಿಡಿದು ಕೊಟ್ಟಿಗೆಯ ಬಾಗಿಲ ಬಳಿ ನಿಂತು. "ಇದ್ದದ್ದು ಇದ್ದ ಹಾಗೆ ಹೇಳ್ತಾವೆ."

ಮೊದಲ ಬಾಣಕ್ಕೆ ಮೂವತ್ತೊಂದು ತಲೆಗಳು ಎದ್ದವು. ಒಂದು ಕರು ಬೇಲಿಗೆ ಡಿಕ್ಕಿ ಹೊಡೆಯಿತು.

ಮಾರ್ಲಿಸ್ ಬಿಲ್ಲನ್ನು ಕಿವಿಗೆ ಹಿಡಿದು ಬೆರಳ ಗಿಣ್ಣಿನಿಂದ ತಟ್ಟುತ್ತಾ, ಗಡಗಡ ಎನ್ನುವ ಜಾಗಗಳನ್ನು ಒಂದೊಂದಾಗಿ ಹುಡುಕಿದಳು. ಬಿಲ್ಲಿಗೇ ಸಿಕ್ಕಿಸಿದ ಬತ್ತಳಿಕೆಯ ಹಿಡಿ ಸಡಿಲವಾಗಿತ್ತು. ಗುರಿ ನೋಡುವ ಕಡ್ಡಿಯ ಒಂದು ತಿರುಪು ಇರಲೇ ಇಲ್ಲ. ಎರಡನ್ನೂ ಸರಿಮಾಡಿದ ಮೇಲೆ ಇಪ್ಪತ್ತಾರು ತಲೆ. ಶಾಲೆಯ ಅಡುಗೆಮನೆಯ ಹಳದಿ ರಬ್ಬರ್ ಕೈಗವಸನ್ನು ಸಣ್ಣ ಪಟ್ಟಿಗಳಾಗಿ ಸೀಳಿ, ಹೆದೆಯ ಮೇಲೊಂದು ಕೆಳಗೊಂದು ಬೆಕ್ಕಿನ ಮೀಸೆಯ ಹಾಗೆ ಕಟ್ಟಿದಳು. ಹೆದೆಯ ನಡುಕವನ್ನು ಆ ಮೀಸೆಗಳು ಕುಡಿದುಬಿಟ್ಟವು. ಹದಿನೈದು. ನೆಲ ಗೀರದಿರಲೆಂದು ಕುರ್ಚಿ ಕಾಲಿಗೆ ಹಚ್ಚುವ ಉಣ್ಣೆಬಟ್ಟೆಯನ್ನು ಬಾಣ ಕೂರುವ ಜಾಗಕ್ಕೆ ಅಂಟಿಸಿದಳು. ಒಂಬತ್ತು. ಹೆದೆ ಹಿಂತಿರುಗಿ ಬಂದು ತಾಕಿ ನಿಲ್ಲುವ ಕಡ್ಡಿಯ ತುದಿಯಲ್ಲಿ ರಬ್ಬರು ಸವೆದು ಹೋಗಿತ್ತು. ಅವಳು ಸುತ್ತ ನೋಡಿದಳು. ಕಣ್ಣು ಎಲ್ವಿನ್‌ನ ಊರುಗೋಲಿನ ಮೇಲೆ ನಿಂತಿತು.

"ಬೇಡ" ಎಂದ ಎಲ್ವಿನ್.

"ತುದಿ ಒಂದು ಸಾಕು."

"ನಾನು ಜಾರಿ ಬಿದ್ದರೆ?"

"ಸಾರು ಮಾಡ್ಕೊಂಡು ಬಂದು ನೋಡ್ಕೋತೀನಿ."

"ನಿನ್ನ ಶಾಲೆ ಸಾರಾ? ಬಿದ್ದದ್ದೇ ಸಾಕು ಬಿಡು" ಎನ್ನುತ್ತಾ ರಬ್ಬರು ಕಿತ್ತು ಕೊಟ್ಟ. ನಾಲ್ಕು ತಲೆ. ಕೊನೆಗೆ ಹಗುರ ಬಾಣದ ಬದಲು ಭಾರದ ಬಾಣ ಹೂಡಿದಳು. ಬಿಲ್ಲಿನ ಕಸುವೆಲ್ಲ ಬಾಣದ ಜೊತೆಯೇ ಹೊರಟು ಹೋದರೆ ನಡುಗುವುದಕ್ಕೆ ಏನು ಉಳಿದೀತು?

ಒಂದು ತಲೆ.

ಆ ಒಂದು ತಲೆ ಆಗ್ನೆಸ್ ಎಂಬ ಮುದಿ ಹಸುವಿನದು. ಉಳಿದ ಮೂವತ್ತೇಳೂ ಮೇಯುತ್ತಿದ್ದರೆ ಆಗ್ನೆಸ್ ಮಾತ್ರ ಪ್ರತಿ ಬಾಣಕ್ಕೂ ನಿಧಾನವಾಗಿ ಮೂತಿ ಎತ್ತಿ, ಮೆಲುಕು ನಿಲ್ಲಿಸಿ, ಮಾರ್ಲಿಸಳನ್ನೇ ದಿಟ್ಟಿಸುತ್ತಿತ್ತು. ಮಾರ್ಲಿಸಳಿಗೆ ಹಟ ಹತ್ತಿತು. ಎಲ್ವಿನ್‌ನ ಹಳೆಯ ತುಪ್ಪಳದ ಟೋಪಿಯನ್ನು ಕತ್ತರಿಸಿ ಹೆದೆಯ ಉದ್ದಕ್ಕೂ ಹದಿನಾರು ಉಂಡೆ ಕಟ್ಟಿದಳು. ಹೆದೆ ಹೋಗಿ ಕಂಬಳಿಹುಳ ಆಯಿತು. ಬಾಣ ಬಿಟ್ಟರೆ "ಪುಸ್" ಎಂದಷ್ಟೇ ಕೇಳಿಸಿತು. ಆದರೆ ಬಾಣ ಪೆಂಡಿಯವರೆಗೆ ಹೋಗಲೇ ಇಲ್ಲ. ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಹುಲ್ಲಿನಲ್ಲಿ ಮಲಗಿತು.

"ಈ ಬಾಣ ಮುಟ್ಟೋ ಹೊತ್ತಿಗೆ ಜಿಂಕೆ ಮುಪ್ಪಾಗಿ ತಾನೇ ಸತ್ತಿರುತ್ತೆ" ಎಂದ ಎಲ್ವಿನ್.

ಆಗ್ನೆಸ್ ಆಗಲೂ ತಲೆ ಎತ್ತಿ ನೋಡುತ್ತಿತ್ತು.

ಉಂಡೆಗಳನ್ನೆಲ್ಲ ಬಿಚ್ಚಿ ಎರಡೇ ಎರಡನ್ನು ಉಳಿಸಿ, ಮಾರ್ಲಿಸ್ ಹುಲ್ಲಿನ ಮೇಲೆ ಕುಸಿದು ಕೂತಳು. ಒಂದು ಹಸುವಿಗೆ ಕೇಳಿಸಿದ್ದು ಜಿಂಕೆಗೆ ಕೇಳಿಸದೆ ಇರುತ್ತದೆಯೇ? ಕಣ್ಣೆದುರು ಲೈಲ್‌ನ ಕತ್ತರಿ ಕುಣಿಯಿತು. ಎಲ್ವಿನ್ ಗಲ್ಲ ಕೆರೆದುಕೊಳ್ಳುತ್ತಾ ಆಗ್ನೆಸ್‌ನ ಪಕ್ಕಕ್ಕೆ ಹೋಗಿ ನಿಂತ.

"ಮಾರ್ಲಿಸ್, ಒಂದು ಸಲ ಬಿಲ್ಲಿಲ್ಲದೆ ಹೊಡಿ."

"ಹುಚ್ಚಾ ನಿನಗೆ?"

"ಹೊಡಿ ಅಂದ್ರೆ ಹೊಡಿ. ಸುಮ್ನೆ ಗಾಳೀಲಿ."

ಅವಳು ಬರಿಗೈ ಎತ್ತಿ, ಇಲ್ಲದ ಹೆದೆಯನ್ನು ಕೆನ್ನೆಯವರೆಗೆ ಎಳೆದು, ಬೆರಳು ಬಿಟ್ಟಳು. ಆಗ್ನೆಸ್ ತಲೆ ಎತ್ತಿತು.

"ಏನಂದೆ ಈಗ?" ಎಂದ ಎಲ್ವಿನ್.

"ನಾನಾ? ಏನೂ ಅನ್ಲಿಲ್ಲ."

"ಅಂದೆ. ‘ಮುಂದೆ ಬಾ’ ಅಂದೆ."

ಮಾರ್ಲಿಸ್ ಇಲ್ಲವೆಂದು ವಾದಿಸಿದಳು. ಇನ್ನೊಮ್ಮೆ ಎಳೆದು ಬಿಟ್ಟಳು. ಈ ಸಲ ಅವಳ ಕಿವಿಗೇ ಬಿತ್ತು: ಬೆರಳು ಸಡಿಲವಾದ ಗಳಿಗೆಗೆ ಸರಿಯಾಗಿ ಬಾಯಿ ತಾನಾಗಿ "ಮುಂದೆ ಬಾ" ಎಂದಿತ್ತು. ಹತ್ತೊಂಬತ್ತು ವರ್ಷ, ದಿನಕ್ಕೆ ಮುನ್ನೂರ ನಲವತ್ತು ಸಲ, ಸೌಟು ಮಗುಚಿದಾಗೆಲ್ಲ ಸಾಲಿನಲ್ಲಿದ್ದ ಮುಂದಿನ ಮಗುವಿಗೆ ಹೇಳಿದ ಮಾತು. ಕೈ ಏನನ್ನಾದರೂ ಬಿಟ್ಟುಕೊಟ್ಟರೆ ಸಾಕು, ಬಾಯಿ ತನ್ನ ಪಾಲಿನ ಕೆಲಸ ಮಾಡುತ್ತಿತ್ತು. ಮನೆಗೆ ಹೋಗಿ ಕೇಳಿದರೆ ಕಿರಿಮಗಳು, "ಗೊತ್ತಿರ್ಲಿಲ್ವಾಮ್ಮಾ? ನನಗೆ ಜಡೆ ಹಾಕಿ ಬಿಟ್ಟಾಗ್ಲೂ ಅಂತೀಯ. ರಾತ್ರಿ ಮುತ್ತು ಕೊಟ್ಟಾದ ಮೇಲೂ ಅಂತೀಯ" ಎಂದಳು.

ಬಿಲ್ಲಿನ ಬಾಯಿ ಮುಚ್ಚಿಸಿದ್ದಾಗಿತ್ತು. ಈಗ ತನ್ನದನ್ನು ಮುಚ್ಚಿಸಬೇಕಾಯಿತು. ತುಟಿ ಕಚ್ಚಿಕೊಂಡರೆ ಮೂಗಿನಿಂದ "ಮ್ಮ್ ಮ್ಮಾ" ಎಂದು ಹೊರಬಿತ್ತು: ಎರಡು ಹಸು. ಬಾಯಿಗೆ ಕರವಸ್ತ್ರ ತುರುಕಿಕೊಂಡರೆ ಕೆಮ್ಮು: ಹದಿನೇಳು ಹಸು. ಜೇಬಿನಲ್ಲಿ ಹೆಬ್ಬೆರಳ ಗಾತ್ರದ ಚೀಸ್ ಗಟ್ಟಿಗಳ ಪೊಟ್ಟಣವಿತ್ತು. ಆ ಸೀಮೆಯಲ್ಲಿ ಯಾರ ಜೇಬಿನಲ್ಲಿ ಇರುವುದಿಲ್ಲ? ಒಂದನ್ನು ಹಲ್ಲುಗಳ ನಡುವೆ ಒತ್ತಿ ಹಿಡಿದು ಬಾಣ ಬಿಟ್ಟಳು. ಬೆಳಗಿನ ತಾಜಾ ಚೀಸು, ಹಲ್ಲಿಗೆ ಸಿಕ್ಕಿ "ಕೀಂಯ್ಚ್" ಎಂದು ಕಿರುಗುಟ್ಟಿತು. ಒಂಬತ್ತು ಹಸುಗಳು ತಿರುಗಿದವು. ತಮ್ಮ ಹಾಲಿನದೇ ದನಿಯಲ್ಲವೇ ಇದು ಎಂಬಂತೆ.

"ಅಯ್ಯೋ ಪೆದ್ದಿ, ತಾಜಾದ್ದು ಕಿರುಗುಟ್ಟುತ್ತೆ" ಎಂದ ಎಲ್ವಿನ್. "ಎರಡು ದಿನ ಆದ್ದು ತಗೋ. ಅದಕ್ಕೆ ಸೊಲ್ಲಿರಲ್ಲ."

ಎರಡು ದಿನ ಬಿಟ್ಟು ಅದೇ ಪೊಟ್ಟಣ ತಂದಳು. ಗಟ್ಟಿಯನ್ನು ಕಚ್ಚಿದಳು, ಎಳೆದಳು, ಬಿಟ್ಟಳು. ಬಾಣ ಪೆಂಡಿಯ ನಡುಮಧ್ಯೆ ಕೂತಿತ್ತು. ಆಗ್ನೆಸ್ ಮೇಯುತ್ತಲೇ ಇತ್ತು. ಎಲ್ವಿನ್ ಕೊಟ್ಟಿಗೆಯ ಬಾಗಿಲ ತುಂಬ ಒಂದು ದೊಡ್ಡ ಸೊನ್ನೆ ಬರೆದ.

*

ಕ್ಯಾಂಪಿನಲ್ಲಿ ಈ ಸಲ ಮೂವರೇ: ಲೈಲ್, ಮಾರ್ಲಿಸ್, ಚಿಕ್ಕಪ್ಪನ ಮಗ ಡೆಲ್ಮರ್. ಡೆಲ್ಮರ್ ಆರಡಿ ಮೂರಂಗುಲದ ಗಡವ. ಮೊದಲ ಬೆಳಿಗ್ಗೆಯೇ ಒಂದು ಜಿಂಕೆ ಹೊಡೆದು ಎದೆಯುಬ್ಬಿಸಿಕೊಂಡು ಬಂದ. ಬಂದವನ ಕೊರಳಿಗೆ ಲೈಲ್ ಗೂಟದ ಮೇಲಿದ್ದ ಏಪ್ರನ್ ತಗುಲಿಸಿದ. ಗುಲಾಬಿ ಹೂವಿನದು, ಅಂಚಿಗೆ ಲೇಸು. ಒಬ್ಬರಿಗೆ ಒಂದೇ ಜಿಂಕೆಯ ಪರವಾನಗಿ. ಹೊಡೆದಾದವನಿಗೆ ಮರದ ಮೇಲೆ ಕೆಲಸವಿಲ್ಲ. ಇನ್ನೊಬ್ಬರು ಹೊಡೆಯುವ ತನಕ ಒಲೆ ಅವನದು.

ಡೆಲ್ಮರ್ ಡಬ್ಬಿಯ ಬೀನ್ಸ್ ಕಾಳನ್ನು ಸೀಯಿಸಬಲ್ಲವನಾಗಿದ್ದ. ಆಮೇಲೆ ತಿಳಿಯಿತು, ನೀರನ್ನೂ. ಮಾರ್ಲಿಸ್ ಅದನ್ನೇ ಎರಡೆರಡು ಸಲ ಹಾಕಿಸಿಕೊಂಡು ತಿಂದಳು. ಬೇರೆ ಯಾರೋ ಮಾಡಿದ್ದು, ತಟ್ಟೆಗೆ ಬಂದು ಬೀಳುತ್ತಿತ್ತು, ಇನ್ನೇನು ಬೇಕು.

"ಬೇಗ ಹೊಡಿಯೇ ಮಾರಾಯ್ತಿ" ಎಂದ ಡೆಲ್ಮರ್, ಲೇಸಿನಿಂದ ಬೆವರು ಒರೆಸಿಕೊಳ್ಳುತ್ತಾ. "ನೀನು ಹೊಡೆದ ದಿನವೇ ಇದನ್ನ ನಿನ್ನ ಕೊರಳಿಗೆ ಹಾಕಿ ಕೈ ಮುಗೀತೀನಿ."

ಮಾರ್ಲಿಸ್ ನಕ್ಕಳು. ಆ ಮಾತು ಒಳಗಿಳಿದದ್ದು ಮರುದಿನ.

ಮರುದಿನ ಮುಂಜಾವ ಎಂಟು ಕವಲಿನ ಕೊಂಬಿನ ಗಂಡು ಜಿಂಕೆಯೊಂದು ಅವಳ ಓಕ್ ಮರದ ಮುಂದೆ ಬಂದು ಉದುರಿದ ಕಾಯಿ ಮೆಲ್ಲತೊಡಗಿತು. ಹದಿನೆಂಟು ಹೆಜ್ಜೆ ದೂರ. ಅವಳು ಹೆದೆ ಎಳೆದಳು. ಚಕ್ರಗಳು ಎಣ್ಣೆ ಕುಡಿದ ಹಾಗೆ ಹೊರಳಿದವು. ಹಲ್ಲಿನ ನಡುವೆ ಮೂಕ ಚೀಸು. ಮೂರು ವರ್ಷದಲ್ಲಿ ಮೊದಲ ಸಲ ಅವಳಿಗೆ ಖಾತರಿಯಾಯಿತು: ಇದು ತಪ್ಪುವುದಿಲ್ಲ. ಈಗ ಬಿಟ್ಟರೆ ಬಿತ್ತು.

ಬಿದ್ದರೆ ಏಪ್ರನ್ನು.

ಅವಳ ಕೈ ಅಲ್ಲೇ ನಿಂತಿತು. ತಪ್ಪುವುದರ ಬಗ್ಗೆ ಎಷ್ಟು ತಲೆ ಕೆಡಿಸಿಕೊಂಡಿದ್ದಳೆಂದರೆ ತಗುಲಿದರೆ ಏನಾದೀತೆಂದು ಯೋಚಿಸಿಯೇ ಇರಲಿಲ್ಲ. ತಪ್ಪಿದರೆ ಮುಂದಿನ ವರ್ಷದ ಅಡುಗೆ. ತಗುಲಿದರೆ ಈ ವರ್ಷದ್ದು, ಇವತ್ತಿನಿಂದಲೇ, ಏಳು ದಿನ. ಜಿಂಕೆ ಬಾಲ ಅಲ್ಲಾಡಿಸಿತು. ಮಾರ್ಲಿಸ್ ಉಸಿರು ಬಿಗಿಹಿಡಿದು, ಹೆದೆಯನ್ನು ತೊಟ್ಟಿಲ ಮಗುವನ್ನು ಮಲಗಿಸುವಂತೆ ಮೆಲ್ಲಗೆ ಹಿಂದಕ್ಕೆ ಇಳಿಸಿದಳು. ಜಿಂಕೆಗೆ ಏನೂ ಗೊತ್ತಾಗಲಿಲ್ಲ. ತಿಂದು ತೇಗಿ ಹೋಯಿತು.

"ಏನಾದರೂ ಬಂತಾ?" ರಾತ್ರಿ ಲೈಲ್ ಕೇಳಿದ.

"ಅಳಿಲು" ಎಂದು ತಟ್ಟೆ ಒಡ್ಡಿದಳು.

ಮೂರನೆಯ ದಿನ ಎರಡು ಬಂದವು. ನಾಲ್ಕನೆಯ ದಿನ ಒಂದು ಸಂಸಾರವೇ ಬಂತು. ಅವಳು ಎಷ್ಟು ನಿಶ್ಶಬ್ದವಾಗಿ ಕೂರುತ್ತಿದ್ದಳೆಂದರೆ ಹೂಡಿದ ಬಾಣದ ತುದಿಯ ಮೇಲೆ ಹಕ್ಕಿಯೊಂದು ಬಂದು ಕೂತು ಪುಕ್ಕ ಕೆದರಿಕೊಂಡಿತು. ಐದನೆಯ ದಿನದ ಹೊತ್ತಿಗೆ ಹನ್ನೊಂದು ಜಿಂಕೆಗಳು ಅವಳ ಕಾಲಡಿ ಉಂಡು ಹೋಗಿದ್ದವು. ಅವಳು ಯಾರಿಗೂ ಬಡಿಸಿರಲಿಲ್ಲ. ಅವೇ ಹಾಕಿಕೊಂಡು ತಿಂದವು.

ಐದನೆಯ ರಾತ್ರಿ ಡೆಲ್ಮರ್ ಸೌಟಿನಿಂದ ಮೇಜು ಕುಟ್ಟಿದ.

"ಒಂದು ಹೊಸ ಕಟ್ಟಳೆ ಬೇಕು ಲೈಲ್. ಇವಳು ಮೇಲೆ ಕೂತು ಮೊಟ್ಟೆ ಇಡ್ತಿದ್ದಾಳೆ. ಎಂಟು ದಿನ ಒಂದೂ ಬಾಣ ಬಿಡದವರು ತಪ್ಪಿದವರ ಲೆಕ್ಕಕ್ಕೇ ಬರಬೇಕು. ಚುಂಗು ಕತ್ತರಿಸಬೇಕು."

"ನಾನೂ ಬಿಟ್ಟಿಲ್ವಲ್ಲೋ" ಎಂದ ಲೈಲ್.

"ನಿನ್ನದು ಗೋಡೆ ಮೇಲೆ ಒಂದೂ ಇಲ್ಲ. ಒಂದು ಹೋದರೆ ಏನು ಗಂಟು ಹೋಗುತ್ತೆ?"

ಲೈಲ್ ತಂಗಿಯ ಮುಖ ನೋಡಿದ. ಆಮೇಲೆ ಗೋಡೆಯ ಮೇಲಿನ ಎರಡು ತುಂಡು ನೋಡಿದ. ಬಾಯಿ ಕಿವಿಯವರೆಗೆ ಹೋಯಿತು. "ಒಪ್ಪಿದೆ. ಎರಡಕ್ಕೆ ಒಂದು. ಪಾಸಾಯ್ತು."

"ಇದು ಅನ್ಯಾಯ!"

"ಶನಿವಾರ ಬೆಳಕು ಹೋಗೋವರೆಗೆ ಸಮಯ ಇದೆ ಅಮ್ಮಣ್ಣಿ. ನಿನ್ನ ಬಿಲ್ಲು ಆ ಥರ ಡೋಲು ಬಡೀದೆ ಇದ್ದಿದ್ರೆ ಇಷ್ಟು ಹೊತ್ತಿಗೆ ಹೊಡೆದಿರ್ತಿದ್ದೆ, ಪಾಪ."

ಮಾರ್ಲಿಸ್ ಮಲಗಿಕೊಂಡು ಯೋಚಿಸಿದಳು. ಶನಿವಾರ ಎಂಟನೆಯ ದಿನ, ಕೊನೆಯ ದಿನ. ಆ ಸಂಜೆ, ಬೆಳಕು ಹೋಗುವ ಸ್ವಲ್ಪ ಮೊದಲು ಹೊಡೆದರೆ ಚುಂಗೂ ಉಳಿಯುತ್ತದೆ, ದಿನಗಳೂ ಉಳಿಯುತ್ತವೆ. ದಿನಕ್ಕೆ ಎರಡು ಮೂರು ಬರುವ ಜಾಗ ಅದು. ಗುರುವಾರ ಒಂದು, ಶುಕ್ರವಾರ ಎರಡು ಬಂದವು. ಕಳಿಸಿಕೊಟ್ಟಳು.

ಶನಿವಾರ ಒಂದೂ ಬರಲಿಲ್ಲ.

ಬೆಳಿಗ್ಗೆ ಬರಲಿಲ್ಲ, ಮಧ್ಯಾಹ್ನ ಬರಲಿಲ್ಲ. ನಾಲ್ಕು ಗಂಟೆಗೆ ಸದ್ದಾಯಿತೆಂದು ಬಿಲ್ಲು ಎತ್ತಿದಳು, ಕಾಡುಕೋಳಿ. ಐದಕ್ಕೆ ಇನ್ನೊಂದು ಕಾಡುಕೋಳಿ. ಹದಿನಾಲ್ಕು ಜಿಂಕೆಗಳನ್ನು ಅತಿಥಿಗಳ ಹಾಗೆ ಕಳಿಸಿಕೊಟ್ಟ ತನ್ನ ತಲೆಗೆ ಎರಡು ಬಾರಿಸಿಕೊಳ್ಳಬೇಕೆನ್ನಿಸಿತು. ಸದ್ದಾಗುತ್ತದೆಂದು ಬಾರಿಸಿಕೊಳ್ಳಲಿಲ್ಲ. ಸೂರ್ಯ ಮರಗಳ ಹಿಂದೆ ಇಳಿದ. ಮುಂದಿನ ವರ್ಷದ ಅಕ್ಟೋಬರ್ ಕಣ್ಣಿಗೆ ಕಟ್ಟಿತು: ಇದೇ ಮರ, ಇದರ ಮೇಲೆ ಡೆಲ್ಮರ್ ಕೂತು ತೂಕಡಿಸುತ್ತಿದ್ದಾನೆ, ತಾನು ಕೆಳಗೆ ಬಾಣಲೆಯ ತಳ ಕೆರೆಯುತ್ತಿದ್ದೇನೆ. ಚೀಸನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿದಳು.

ಹದಿನಾಲ್ಕು ನಿಮಿಷದ ಬೆಳಕು ಉಳಿದಿದ್ದಾಗ ಪೊದೆಯ ಅಂಚಿನಿಂದ ಒಂದು ಹೆಣ್ಣು ಜಿಂಕೆ ಹೊರಬಂತು. ಬಂದದ್ದು ಬಂದು, ಮೂವತ್ತು ಹೆಜ್ಜೆಯಲ್ಲಿ ನಿಂತು, ಎಲ್ಲಿಗೋ ಹೊರಟು ಮರೆತವರ ಹಾಗೆ ನೋಡುತ್ತಿತ್ತು. ಇಪ್ಪತ್ತೈದು. ಇಪ್ಪತ್ತೆರಡು. ಮಗ್ಗುಲು ತಿರುಗಿತು. ಮಾರ್ಲಿಸ್ ಎಳೆದಳು, ಎಣಿಸಿದಳು, ಬೆರಳು ಸಡಿಲಿಸಿದಳು.

ಏನೂ ಕೇಳಿಸಲಿಲ್ಲ. ಬಾಣ ಬಿಟ್ಟೆನೋ ಇಲ್ಲವೋ ಎಂದು ಅವಳಿಗೇ ಒಂದು ಗಳಿಗೆ ಅನುಮಾನವಾಯಿತು. ಜಿಂಕೆ ಕುಗ್ಗಲಿಲ್ಲ, ಬೆಚ್ಚಲಿಲ್ಲ. ಏನೋ ಚುಚ್ಚಿತೆಂಬಂತೆ ಮುಂದಕ್ಕೆ ಓಡಿತು. ನಲವತ್ತು ಹೆಜ್ಜೆ. ಬೀಳುವ ಸಪ್ಪಳ. ಆಮೇಲೆ ಕಾಡು ಮತ್ತೆ ಸುಮ್ಮನಾಯಿತು.

ಹೊಡೆದ ಮೇಲೆ ಅರ್ಧ ಗಂಟೆ ಮರದಿಂದ ಇಳಿಯಬಾರದು ಅಂತ ಅವಳಪ್ಪ ಕಲಿಸಿದ್ದ. ಅವಳು ಒಂದು ನಿಮಿಷವನ್ನೂ ಕಡಿಮೆ ಮಾಡುವವಳಲ್ಲ. ಕೂತಳು. ಕಣ್ಣಿನಲ್ಲಿ ನೀರು ಬಂದಿತ್ತು. ಚೀಸು ಕರಗಿ ಹೋಗಿತ್ತು.

ಬೆಳಕು ಪೂರ್ತಿ ಹೋದಾಗ ಟಾರ್ಚು ಬಂತು. ಅದರ ಹಿಂದೆ ಲೈಲ್. ಪಕ್ಕದ ಅಟ್ಟಣೆಯಲ್ಲಿ, ನೂರು ಹೆಜ್ಜೆ ಆಚೆ ಕೂತಿದ್ದವನು. ಕೈಯಲ್ಲಿ ಕತ್ತರಿಯನ್ನು ಕಚಕಚ ಎನ್ನಿಸುತ್ತಾ ಬಂದ.

"ಇಳಿಯಮ್ಮಾ, ಇಳಿ. ಒಂದು ಸೊಲ್ಲೂ ಕೇಳಿಸ್ಲಿಲ್ಲ ನಿನ್ನ ಕಡೆಯಿಂದ. ನನ್ನ ಚುಂಗೂ ಹೋಯ್ತು ಬಿಡು. ಜೊತೆಗೇ ಕತ್ತರಿಸ್ಕೊಳ್ಳೋಣ."

"ಪೊದೆ ಬಳಸಿ ನಲವತ್ತು ಹೆಜ್ಜೆ ಹೋಗು. ಹಗ್ಗ ತಂದಿದ್ದೀಯಾ?"

ಲೈಲ್ ಹೋದ. ಟಾರ್ಚು ಅಲ್ಲೇ ಬಹಳ ಹೊತ್ತು ನಿಂತಿತು. ವಾಪಸು ಬಂದಾಗ ಕತ್ತರಿ ಜೇಬಿನಲ್ಲಿತ್ತು.

"ಯಾವಾಗ ಹೊಡೆದೆಯೇ ಇದನ್ನ? ನಾನು ಇಲ್ಲೇ ಇದ್ದೆ!"

"ಬೆಳಕಿದ್ದಾಗ."

"ಏನು, ಬಾಣನ ಕೈಯಲ್ಲಿ ತಗೊಂಡು ಹೋಗಿ ಕೊಟ್ಟು ಬಂದ್ಯಾ?"

ಅಷ್ಟರಲ್ಲಿ ಕ್ಯಾಂಪಿನ ದಾರಿಯಿಂದ ಡೆಲ್ಮರ್ ದಬದಬ ಓಡಿ ಬಂದ. ಲೈಲ್ "ಹೊಡೆದಿದ್ದಾಳೆ" ಎಂದದ್ದೇ ತಡ, ಅಲ್ಲೇ ಏಪ್ರನ್ನಿನ ಗಂಟು ಬಿಚ್ಚತೊಡಗಿದ. "ಬಾ ತಾಯಿ, ಇಳಿದು ಬಾ! ಬುಧವಾರದಿಂದ ಪಾತ್ರೆ ಹಾಗೇ ಇಟ್ಟಿದ್ದೀನಿ, ಎಲ್ಲಾ ನಿನಗೇ!"

"ನಿಲ್ಲೋ" ಎಂದ ಲೈಲ್. "ಬೆಳಕು ಹೋಯ್ತು, ಕ್ಯಾಂಪು ಮುಗೀತು. ಯಾರ ಕೊರಳಲ್ಲಿತ್ತೋ ಅಲ್ಲೇ ಉಳೀತು."

"ಅವಳು ಹೊಡೆದಿದ್ದು ಬೆಳಕಿದ್ದಾಗ!"

"ನಿನಗೆ ಗೊತ್ತಾಗಿದ್ದು ಕತ್ತಲಾದ ಮೇಲೆ."

"ನನಗೆ ಗೊತ್ತಾಗೋದು ಯಾವ ಕಟ್ಟಳೆಯಲ್ಲಿದೆ? ಜಿಂಕೆಗೆ ಗೊತ್ತಾದ್ರೆ ಸಾಕು!"

"ಜಿಂಕೆಗೂ ಗೊತ್ತಾಗಿಲ್ಲ ಕಣೋ, ಅದರ ಮುಖ ನೋಡು ಹೋಗಿ!"

ಇಬ್ಬರೂ ಎದೆಗೆ ಎದೆ ಕೊಟ್ಟು ನಿಂತರು. ನಡುವೆ ಗುಲಾಬಿ ಹೂವಿನ ಏಪ್ರನ್ನು ಅತ್ತ ಇತ್ತ ತುಯ್ದಾಡಿತು. ಡೆಲ್ಮರ್ ಮೇಲಕ್ಕೆ ಟಾರ್ಚು ಹಿಡಿದು, "ನೀನಾದರೂ ನ್ಯಾಯ ಹೇಳೇ ಮಾರ್ಲಿಸ್, ಕೆಳಗೆ ಬಾ!" ಎಂದು ಗೋಗರೆದ.

ಮಾರ್ಲಿಸ್ ಬಿಲ್ಲನ್ನು ಕೊಂಬೆಯ ಕೊಕ್ಕೆಗೆ ನೇತುಹಾಕಿದಳು. ಕಾಂಡಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಕೋಟಿನ ಗುಂಡಿ ಮೇಲಿನವರೆಗೆ ಹಾಕಿಕೊಂಡಳು.

"ಇಬ್ಬರೂ ಕೂತು ಸಾವಕಾಶ ತೀರ್ಮಾನ ಮಾಡ್ಕೊಳ್ಳಿ" ಎಂದಳು. "ನನ್ನ ಅಟ್ಟಣೇಲಿ ನಾನಿದ್ದೀನಿ. ಮೊದಲು ಜಿಂಕೆ ಎಳ್ಕೊಂಡು ಹೋಗಿ."